ಬಿಗಿಯಾಗಿ ಕಟ್ಟಿದ ತಂತಿ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮ ಅಂದರೆ ಭಾರಿ ಏನಲ್ಲ ಮತ್ತೆ. ನಾಲ್ಕು ಕೋಣೆ, ಒಂದು ಅಡುಗೆಮನೆ, ಒಂದು ಬೇವಿನ ಮರ, ಮರದ ಕೆಳಗೆ ಯಾರೋ ಭಕ್ತರು ಕೊಟ್ಟುಹೋದ ಹಳೆಯ ಕಾರು.

ಅಲ್ಲಿಯ ಹಿರಿಯರು ನೀಲಮ್ಮ ತಾಯಿ. ಎಲ್ಲರೂ ಅವರನ್ನು ಅವ್ವಾರು ಅನ್ನುತ್ತಿದ್ದರು. ಉಪದೇಶ ಕೇಳಲು ಬಂದವರನ್ನು ಅವ್ವಾರು ಮೊದಲು ಊಟಕ್ಕೆ ಕೂಡಿಸುತ್ತಿದ್ದರು. ಉಂಡು ಎದ್ದ ಮೇಲೆ ಅರ್ಧ ಜನಕ್ಕೆ ತಾವು ಏನು ಕೇಳಲು ಬಂದಿದ್ದೆವು ಅನ್ನುವುದೇ ಮರೆತುಹೋಗುತ್ತಿತ್ತು.

ಆ ಅಡುಗೆ ಮಾಡುತ್ತಿದ್ದವಳು ಕಾಶವ್ವ. ಪಾಪ, ಅವಳ ಕಿಡ್ನಿ ಎರಡೂ ಸೋತಿದ್ದವು. ವಾರಕ್ಕೆ ಎರಡು ಸಲ ಪಟ್ಟಣದ ದವಾಖಾನೆಗೆ ಹೋಗಿ, ಯಂತ್ರಕ್ಕೆ ಕೈ ಒಡ್ಡಿ ಮಲಗಿ, ರಕ್ತ ತೊಳೆಸಿಕೊಂಡು ಬರಬೇಕು. ಬಸ್ಸು ನಿಲ್ಲುವ ರಸ್ತೆ ದೂರ. ಅಷ್ಟು ದೂರ ನಡೆಯುವ ಶಕ್ತಿ ಅವಳ ಕಾಲಿನಲ್ಲಿ ಉಳಿದಿರಲಿಲ್ಲ. ಆ ಹಳೆಯ ಕಾರೇ ಅವಳಿಗೆ ಆಧಾರ.

ಕಾರಿನ ಉಸ್ತುವಾರಿ ಫಕ್ಕೀರೇಶನದು. ಅವನು ಮೊದಲು ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಕಾರುಗಳ ವೈರಿಂಗ್ ಮಾಡುತ್ತಿದ್ದ. ಅದೆಲ್ಲ ಸಾಕಾಗಿ ಅವ್ವಾರ ಶಿಷ್ಯನಾಗಿ ಬಂದಿದ್ದ. ಕೈ ಚುರುಕು, ಮನುಷ್ಯ ನಿಯತ್ತಿನವ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ. ಯಾರಾದರೂ ನಾಲ್ಕನೆಯ ಕಾಲು ತೋರಿಸಲು ಬಂದರೆ ಮೊಲವನ್ನೇ ಬಚ್ಚಿಡುತ್ತಿದ್ದ.

ಒಂದು ದಿನ ಕಾರಿನಲ್ಲಿ ಎಂಜಿನ್ನಿನ ದೋಷ ತೋರಿಸುವ ಹಳದಿ ದೀಪ ಹತ್ತಿತು. ಫಕ್ಕೀರೇಶ ಕಾರಿನ ಕೆಳಗೆ ತೂರಿದ. ಅವ್ವಾರು ಬಂದು ಮರದ ಕೆಳಗೆ ನಿಂತರು.

"ಏನಾಗೇತೋ?"

"ಸೆನ್ಸರಿನ ತಂತಿ ಸುಟ್ಟೈತ್ರಿ ಅವ್ವಾರ. ತಂತಿ ಹಿಡಿದಿದ್ದ ಕ್ಲಿಪ್ಪು ಮುರದೈತಿ. ಜೋತು ಬಿದ್ದು ಸೈಲೆನ್ಸರ್ ಪೈಪಿಗೆ ಹತ್ತೇತಿ, ಕರಗೇತಿ."

"ಸೆನ್ಸರ್ ಅಂದ್ರ?"

"ಆಕ್ಸಿಜನ್ ಸೆನ್ಸರ್ ಅಂತಾರ್ರಿ. ಎಂಜಿನ್ನಿನ ಮೂಗು ಅಂತ ತಿಳಕೋರಿ. ಪೈಪಿನ್ಯಾಗ ಕುಂತು ಹೊಗಿ ಮೂಸತೈತಿ. ಪೆಟ್ರೋಲ್ ಹೆಚ್ಚಾತು, ಕಡಿಮಿ ಆತು ಅಂತ ಹೇಳತೈತಿ. ಎಂಜಿನ್ನು ಅದರ ಮಾತಿನಂಗ ನಡೀತೈತಿ."

"ಮೂಗು ನೆಟ್ಟಗೈತೇನು?"

"ಮೂಗು ನೆಟ್ಟಗೈತ್ರಿ. ತಂತಿ ಅಷ್ಟ."

"ಹಂಗಾರ ಜೋಡಿಸು."

ಜೋಡಿಸಿದ. ಹೇಗೆ ಜೋಡಿಸಿದ ಅಂತೀರಿ! ತಂತಿಗಳಿಗೆ ಬೆಸುಗೆ ಹಾಕಿದ. ಬೆಸುಗೆಯ ಮೇಲೆ ವಾರ್ನಿಶ್ ಸುರಿದ. ವಾರ್ನಿಶ್ಶಿನ ಮೇಲೆ ಟೇಪು, ಟೇಪಿನ ಮೇಲೆ ಇನ್ನೊಂದು ಟೇಪು. ಸಾಲದು ಅಂತ ತಂತಿ ಸೆನ್ಸರಿಗೆ ಹೊಗುವ ಬಾಯಿಗೂ ಗಮ್ಮು ತುಂಬಿದ.

ಕಾಶವ್ವ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು.

"ತಮ್ಮಾ, ಅಷ್ಟ್ಯಾಕ ಬಿಗೀತೀಯೋ? ಕೂಸಿಗೆ ಕುಂಚಿಗಿ ಕಟ್ಟಿದ್ರೂ ಮಾರಿ ಬಿಟ್ಟು ಕಟ್ಟತಾರ."

"ಇರುವಿ ಸೈತ ಒಳಗ ಹೋಗಬಾರದು ಕಾಶವ್ವ. ಹಂಗೈತಿ ನನ್ನ ಕೆಲಸ. ನೀ ಒಳಗ ಹೋಗು."

ಕಾಶವ್ವ ಒಳಗೆ ಹೋದಳು.

ದವಾಖಾನೆಗೆ ಹೋಗುವ ದಿನ ಬಂತು. ಕಾರು ಹೊರಟು ಸ್ವಲ್ಪ ಹೊತ್ತಿಗೆ ಕಾಶವ್ವ ಹಿಂದಿನ ಸೀಟಿನಲ್ಲಿ ಸೆರಗನ್ನು ಮೂಗಿಗೆ ಹಿಡಿದಳು.

"ತಮ್ಮಾ, ಪೆಟ್ರೋಲ್ ವಾಸನಿ ಬರಾಕ ಹತ್ತೇತಲ್ಲೋ."

"ಎಲ್ಲೈತಿ? ನನಗ ಬರವಲ್ದು."

"ನನಗ ಹೊಟ್ಟಿ ತೊಳಸಾಕ ಹತ್ತೇತಿ."

"ನಿನಗ ಆರಾಮಿಲ್ಲ ನೋಡು, ಅದಕ್ಕ ಹಂಗ ಅನಸತೈತಿ. ಕಣ್ಣು ಮುಚ್ಚಿ ಕೂಡು."

ಕಾಶವ್ವ ಕಣ್ಣು ಮುಚ್ಚಿ ಕೂತಳು. ಹೊಳೆಯ ಒಡ್ಡಿನ ಏರು ಹತ್ತುವಾಗ ಕಾರು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಹಿಂದೆ ಕರಿ ಹೊಗೆ ಬಿಟ್ಟು ಅಲ್ಲೇ ನಿಂತುಬಿಟ್ಟಿತು.

ಹೊಲಕ್ಕೆ ಹೊರಟಿದ್ದ ಟ್ರ್ಯಾಕ್ಟರಿನವರು ಹಗ್ಗ ಕಟ್ಟಿ ಎಳೆದರು. ದವಾಖಾನೆ ಮುಟ್ಟುವಷ್ಟರಲ್ಲಿ ಯಂತ್ರ ಇನ್ನೊಬ್ಬರಿಗೆ ಹೋಗಿತ್ತು. ಕಾದು ಕಾದು ಕಾಶವ್ವನಿಗೆ ಸಿಕ್ಕಿದ್ದು ಅರ್ಧ ಹೊತ್ತು ಮಾತ್ರ.

ಅಲ್ಲಿಯ ಸಿಸ್ಟರ್ ಫಕ್ಕೀರೇಶನನ್ನು ಬದಿಗೆ ಕರೆದಳು.

"ಇವತ್ತ ಅರ್ಧಾನ ಆಗೇತಿ. ಸೋಮವಾರ ಮಾತ್ರ ತಪ್ಪಿಸಬ್ಯಾಡ್ರಿ. ತಡಾನೂ ಮಾಡಬ್ಯಾಡ್ರಿ. ನೀರು ಎದಿಗೆ ಏರಿತಂದ್ರ ನಮ್ಮ ಕೈಯಾಗ ಏನೂ ಉಳಿಯಂಗಿಲ್ಲ."

ಫಕ್ಕೀರೇಶ ಬಾಗಿಲಿನಿಂದ ಕಾಶವ್ವನನ್ನು ನೋಡಿದ. ಅವನು ಆಶ್ರಮಕ್ಕೆ ಬಂದ ಮೊದಲ ದಿನ, ಯಾರು ಏನು ಅಂತ ವಿಚಾರಿಸದೆ ಮುಂದೆ ತಾಟು ಇಟ್ಟವಳು ಕಾಶವ್ವ. ಹೆತ್ತ ತಾಯಿಯನ್ನು ಅವನು ಕಂಡಿದ್ದೇ ಕಡಿಮೆ. ಇವಳನ್ನೂ ಕಳೆದುಕೊಳ್ಳುವುದೆಂದರೆ ಅವನಿಗೆ ಆಗದ ಮಾತು.

ಪಟ್ಟಣದಲ್ಲೇ ಹೊಸ ಸೆನ್ಸರ್ ಕೊಂಡು, ಕಾರನ್ನು ಮತ್ತೆ ಎಳೆಸಿಕೊಂಡು ಆಶ್ರಮಕ್ಕೆ ಬಂದ. ಮೂಗೇ ಸತ್ತಿರಬೇಕು ಅನ್ನುವುದು ಅವನ ಲೆಕ್ಕ. ಶನಿವಾರ ಕೂತು ಅದನ್ನು ಹಾಕಿದ. ಸಲ ಸಲಕ್ಕೂ ಬುದ್ಧಿ ಬರಬೇಕಲ್ಲ? ಬಂತು, ತಪ್ಪು ದಾರಿಗೆ. ಹಿಂದಿನ ಸಲ ಎಲ್ಲೋ ನೀರು ಹೊಕ್ಕಿರಬೇಕು ಅಂತ ಈ ಸಲ ಮೊದಲಿಗಿಂತ ಬಿಗಿಯಾಗಿ ಬೆಸೆದ. ಮೊದಲಿಗಿಂತ ದಪ್ಪಗೆ ವಾರ್ನಿಶ್ ಹಾಕಿದ.

ಸಂಜೆ ಕಾರು ಚೆನ್ನಾಗಿ ಓಡಿತು. ಫಕ್ಕೀರೇಶ ಮೀಸೆಯ ಮೇಲೆ ಕೈ ಆಡಿಸಿದ.

ರವಿವಾರ ಬೆಳಿಗ್ಗೆ ಮತ್ತೆ ಹಳದಿ ದೀಪ. ಮತ್ತೆ ಕರಿ ಹೊಗೆ. ಆಶ್ರಮದ ಬಾಗಿಲು ದಾಟುವಷ್ಟರಲ್ಲಿ ಎಂಜಿನ್ನು ನಿಂತೇ ಹೋಯಿತು.

ಪಕ್ಕದ ಊರಿನ ಗೌಡರ ಜೀಪು ಕೇಳೋಣವೆಂದರೆ ಅದು ಮದುವೆಯ ದಿಬ್ಬಣಕ್ಕೆ ಹೋಗಿತ್ತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದರೆ ಮೊನ್ನೆಯ ಹಾಗೆ ತಡವಾಗಿ ಯಂತ್ರ ತಪ್ಪುತ್ತಿತ್ತು; ಅದರ ಕುಲುಕಾಟ ಕಾಶವ್ವ ತಡೆಯುವಂತೆಯೂ ಇರಲಿಲ್ಲ. ಅವಳ ಕಾಲು ಆಗಲೇ ಬಾತಿದ್ದವು. ಎರಡು ಮಾತಾಡಿದರೆ ಏದುಸಿರು. ಅವ್ವಾರು ಅವಳನ್ನು ಹೊರಗೆ ಮರದ ನೆರಳಿಗೆ ಮಲಗಿಸಿ, ತಾವೇ ಅಡುಗೆಗೆ ನಿಂತಿದ್ದರು.

ಫಕ್ಕೀರೇಶ ಅಡುಗೆಮನೆಗೆ ಬಂದು ಕೈಚೆಲ್ಲಿ ಕೂತ.

"ನನ್ನ ಕೈಲೆ ಆಗವಲ್ದ್ರಿ ಅವ್ವಾರ. ಎಂಜಿನ್ನ ಹೋಗೇತಿ ಅನಸತೈತಿ. ತಂತಿ ಜೋಡಿಸೀನಿ, ಸೆನ್ಸರ್ ಹೊಸಾದು ಹಾಕೀನಿ. ನನ್ನ ಕೆಲಸದಾಗಂತೂ ಏನೂ ತಪ್ಪಿಲ್ಲ."

"ತಪ್ಪು ಅಂತ ನಾ ಅಂದ್ನೇನು?"

ಫಕ್ಕೀರೇಶ ಎಣ್ಣೆ ಹತ್ತಿದ ಕೈ ಒರೆಸಿಕೊಂಡ.

"ಕಾಶವ್ವ ಏನಂತಾಳ?"

"ಆಕಿ ಏನಂತಾಳ್ರಿ? ಪೆಟ್ರೋಲ್ ವಾಸನಿ ಅಂತಾಳ. ಆಕಿಗೇನ ಗೊತ್ತಾಗತೈತ್ರಿ ಎಂಜಿನ್ನಿಂದು?"

ಅವ್ವಾರು ಒಲೆಗೆ ಒಂದು ಹಸಿ ಜಾಲಿಕಟ್ಟಿಗೆ ತಳ್ಳಿದರು.

"ಬಾಗಲಾ ಮುಚ್ಚು. ಕಿಡಕಿನೂ ಮುಚ್ಚು."

"ಹೊಗಿ ಆಗತೈತಲ್ರೀ."

"ಆಗಲಿ. ಮುಚ್ಚು."

ಮುಚ್ಚಿದ. ಅವ್ವಾರು ಅವನ ಮುಂದೆ ಒಂದು ಬುಟ್ಟಿ ಈರುಳ್ಳಿ ಇಟ್ಟು ಕೈಗೆ ಚಾಕು ಕೊಟ್ಟರು.

"ಹೊಗಿ ಐತೇನೋ?"

"ಐತೇನ್ರಿ! ಕಣ್ಣು ಕಿತ್ತು ಬರಾಕ ಹತ್ಯಾವು."

"ಹೆಚ್ಚು."

ಫಕ್ಕೀರೇಶ ಹೆಚ್ಚಿದ. ಕೆಮ್ಮುತ್ತ ಹೆಚ್ಚಿದ, ಕಣ್ಣು ಒರೆಸಿಕೊಳ್ಳುತ್ತ ಹೆಚ್ಚಿದ. ಅವ್ವಾರು ಹಿಟ್ಟು ನಾದಿದರು, ರೊಟ್ಟಿ ಬಡಿದರು. ಅವನ ತಲೆಯಲ್ಲಿ ಸೋಮವಾರ, ಸೋಮವಾರ ಅನ್ನುವುದೊಂದೇ ಸುತ್ತುತ್ತಿತ್ತು. ಬುಟ್ಟಿ ಅರ್ಧ ಖಾಲಿಯಾಯಿತು.

"ಈಗ? ಹೊಗಿ ಐತೇನು?"

ಫಕ್ಕೀರೇಶ ತಲೆ ಎತ್ತಿ ಸುತ್ತ ನೋಡಿದ.

"ಈಗ ಅಷ್ಟೇನಿಲ್ರಿ. ಹೋಗೇತಿ."

"ನಾ ಕಟ್ಟಿಗಿ ತಗದೀನೇನು?"

"ಇಲ್ರಿ."

"ನೀ ಕಿಡಕಿ ತಗದೀಯೇನು?"

"ಇಲ್ರಿ."

"ಮತ್ತ ಎಲ್ಲಿ ಹೋತದು?"

ಅಷ್ಟರಲ್ಲಿ ಬಾಗಿಲು ಕಿರುಗುಟ್ಟಿತು. ನೀರು ಕೇಳಲು ಕಾಶವ್ವ ಗೋಡೆ ಹಿಡಿದುಕೊಂಡು ಬಂದಿದ್ದಳು. ಒಂದು ಕಾಲು ಒಳಗೆ ಇಟ್ಟಳೋ ಇಲ್ಲವೋ, ಸೆರಗಿನಿಂದ ಬಾಯಿ ಮುಚ್ಚಿ ಹಿಂದೆ ಸರಿದಳು.

"ಅಯ್ಯ ಶಿವನ! ಏನಿದು ಇಷ್ಟು ಹೊಗಿ! ಒಳಗ ಮಂದಿ ಅದಾರೇನು? ನನಗ ನಿಮ್ಮ ಮಾರಿನ ಕಾಣವಲ್ದು!"

ಅವ್ವಾರು ರೊಟ್ಟಿ ತಿರುವಿ ಹಾಕಿದರು.

"ಫಕ್ಕೀರೇಶ, ಹೊಗಿ ಐತಿ ಅಂತಾಳ ಆಕಿ. ಹೋಗೇತಿ ಅಂತಿ ನೀ. ಯಾರ ಮೂಗು ಖರೇ?"

"ಆಕಿದ್ರಿ."

"ಯಾಕ? ನೀ ಒಳಗ ಕುಂತಾಂವ. ನಿನಗ ಹೆಚ್ಚು ಗೊತ್ತಿರಬೇಕಲ್ಲ?"

"ಇಲ್ರಿ ಅವ್ವಾರ. ನಾ ಹೊಗಿನ ಕುಡಕೊಂತ ಕುಂತೀನಿ. ಆಕಿ ಹೊರಗಿನ ಗಾಳಿ ಕುಡದು ಬಂದಾಳ. ಹೊರಗಿನ ಗಾಳಿ ಕುಡದವರಿಗೆ..."

ಅಲ್ಲಿಗೆ ಅವನ ಮಾತು ನಿಂತಿತು. ಚಾಕು ಹಿಡಿದ ಕೈಯೂ ನಿಂತಿತು.

ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಅವನಿಗೆ ಕೆಲಸ ಕಲಿಸಿದ ಉಸ್ತಾದರು ಒಬ್ಬರಿದ್ದರು, ಮಾಬುಸಾಬರು. ಎಂದೋ ಒಮ್ಮೆ ಅವರು ಹೇಳಿದ್ದರು: ಈ ಸೆನ್ಸರಿಗೆ ಎರಡು ಮೂಗು ಇರತಾವು ಬೇಟಾ. ಒಂದು ಹೊಗೆಯೊಳಗೆ, ಒಂದು ಹೊರಗೆ. ಹೊರಗಿನ ಗಾಳಿಗೂ ಒಳಗಿನ ಹೊಗೆಗೂ ಹೋಲಿಸಿ ನೋಡಿಯೇ ಅದು ಹೆಚ್ಚು ಕಡಿಮೆ ಹೇಳುವುದು. ಆ ಹೊರಗಿನ ಗಾಳಿಯನ್ನು ಅದು ತನ್ನ ತಂತಿಯ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತದೆ. ಇದಕ್ಕೆ ಬೆಸುಗೆ ಹಾಕಬೇಡ, ಇದರ ಬಾಯಿ ಮುಚ್ಚಬೇಡ.

ಅಂದು ಫಕ್ಕೀರೇಶ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದ. ತಂತಿ ಉಸಿರಾಡುತ್ತದಂತೆ! ಮುದುಕರಿಗೆ ವಯಸ್ಸಾಯಿತು ಅಂದುಕೊಂಡಿದ್ದ.

"ಸೆನ್ಸರಿನ ಉಸಿರು ಕಟ್ಟಿಸೇನ್ರಿ ಅವ್ವಾರ!" ಅಂದ ಫಕ್ಕೀರೇಶ. "ಅದು ಹೊರಗಿನ ಗಾಳಿ ತಗೊಳ್ಳೂ ದಾರಿನ ಮುಚ್ಚೇನಿ. ಅದಕ್ಕೀಗ ಎರಡೂ ಕಡೆ ಒಂದ ಕಾಣತೈತಿ. ಪೆಟ್ರೋಲ್ ಕಡಿಮಿ, ಕಡಿಮಿ ಅಂತ ಒದರತೈತಿ. ಎಂಜಿನ್ನು ಇದರ ಮಾತು ನಂಬಿ ಸುರೀತೈತಿ, ಸುರೀತೈತಿ. ಸುಡಲಾರದ್ದೆಲ್ಲಾ ಕರಿ ಹೊಗಿ ಆಗಿ ಹೊಂಟೈತಿ. ಶನಿವಾರ ಓಡಿದ್ದು ಒಳಗ ಉಳಿದಿದ್ದ ಚೂರು ಗಾಳಿಯಿಂದ!"

ಅಷ್ಟು ಹೇಳಿ ಎದ್ದು ಓಡಿದ.

"ಉಳ್ಳಾಗಡ್ಡಿ ಯಾರು ಹೆಚ್ಚಬೇಕೋ?" ಅವ್ವಾರು ಹಿಂದಿನಿಂದ ಕೂಗಿದರು. ಯಾರು ಕೇಳುತ್ತಾರೆ?

ಕಾರಿನ ಕೆಳಗೆ ಚಾಪೆ ಹಾಸಿದ. ಶನಿವಾರ ಮೈಮುರಿದು ಕಟ್ಟಿದ್ದನ್ನು ತಾನೇ ಕತ್ತರಿಸತೊಡಗಿದ. ಟೇಪು ಸುಲಿದ, ಗಮ್ಮು ಕೆರೆದು ತೆಗೆದ. ವಾರ್ನಿಶ್ ಹತ್ತಿದ ತಂತಿಯನ್ನು ತುಂಡು ತುಂಡಾಗಿ ಕತ್ತರಿಸುತ್ತ ಹೋದ. ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸಬೇಕು. ತೀರ ಹತ್ತಿರ ಹೋದರೆ ಜೋಡಿಸಲು ತಂತಿಯೇ ಉಳಿಯುವುದಿಲ್ಲ. ಒಂದೊಂದು ತುಂಡು ಕತ್ತರಿಸುವಾಗಲೂ ಅವನ ಜೀವ ಬಾಯಿಗೆ ಬರುತ್ತಿತ್ತು.

ಕೊನೆಗೆ ಬೆರಳು ಹಿಡಿಯುವಷ್ಟು ಉಳಿದಾಗ ತಾಮ್ರ ಹೊಳೆಯಿತು.

"ಸಿಕ್ತು!" ಅಂದ ಕೆಳಗಿನಿಂದ.

ಈ ಸಲ ಬೆಸುಗೆ ಇಲ್ಲ. ಸಣ್ಣ ತಾಮ್ರದ ಕೊಳವೆಗಳಲ್ಲಿ ಎರಡೂ ಕಡೆಯ ತುದಿಗಳನ್ನಿಟ್ಟು ಇಕ್ಕಳದಿಂದ ಒತ್ತಿದ. ಮೇಲೆ ಸಡಿಲಾದ ಒಂದು ರಬ್ಬರಿನ ಕೊಳವೆ ಏರಿಸಿದ, ಕೆಸರು ಸಿಡಿಯದಷ್ಟು, ಗಾಳಿ ಆಡುವಷ್ಟು. ತಂತಿ ಮತ್ತೆ ಸೈಲೆನ್ಸರಿಗೆ ತಾಗದ ಹಾಗೆ ಹೊಸ ಕ್ಲಿಪ್ಪು ಹಾಕಿ ಮೇಲೆ ಎತ್ತಿ ಕಟ್ಟಿದ. ಹಳೆಯ ಲೆಕ್ಕ ಎಂಜಿನ್ನು ಮರೆಯಲಿ ಅಂತ ಬ್ಯಾಟರಿಯ ತಂತಿ ಸ್ವಲ್ಪ ಹೊತ್ತು ಬಿಚ್ಚಿಟ್ಟು ಮತ್ತೆ ಹಾಕಿದ.

ಕೀಲಿ ತಿರುವಿದ. ಎಂಜಿನ್ನು ಕೆಮ್ಮಿ ಕೆಮ್ಮಿ ಸುರುವಾಯಿತು.

ಫಕ್ಕೀರೇಶ ಮೂಗು ಅರಳಿಸಿ ಮೂಸಿದ. ಅವನಿಗೇನೂ ಗೊತ್ತಾಗಲಿಲ್ಲ. ಇಳಿದು ಮರದ ಕೆಳಗೆ ಬಂದು ಕಾಶವ್ವನ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

"ಕಾಶವ್ವ, ವಾಸನಿ ಬರತೈತೇನು?"

ಕಾಶವ್ವ ಅವನ ಮುಖವನ್ನೇ ನೋಡಿದಳು. ಇವನು ತನ್ನನ್ನು ಒಂದು ಮಾತು ಕೇಳಿದ್ದು ಅವಳಿಗೆ ನೆನಪಿರಲಿಲ್ಲ.

"ಹೇಳ್ಲೇನು? ಸಿಟ್ಟಿಗೇಳಂಗಿಲ್ಲ?"

"ಇಲ್ಲವ್ವ. ಹೇಳು."

"ಇನ್ನಾ ಐತಿ ತಮ್ಮಾ."

ಮೊದಲಿನ ಫಕ್ಕೀರೇಶನಾಗಿದ್ದರೆ ನಿನಗೆ ಆರಾಮಿಲ್ಲ ಅಂದುಬಿಡುತ್ತಿದ್ದ. ಈ ಫಕ್ಕೀರೇಶ ಎದ್ದು ಹೋಗಿ ಎಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ಗುಗಳನ್ನು ಬಿಚ್ಚಿದ. ಒಂದೊಂದೂ ಒಲೆಯ ಮೇಲಿನ ಮಡಕೆಯ ತಳದ ಹಾಗೆ ಕರ್ರಗಾಗಿದ್ದವು. ಉಜ್ಜಿ ಉಜ್ಜಿ ತೊಳೆದ, ಬಿಸಿಲಿಗೆ ಒಣಗಿಸಿ ಹಾಕಿದ. ಮತ್ತೆ ಕೀಲಿ ತಿರುವಿದ.

ಈ ಸಲ ಎಂಜಿನ್ನು ಒಂದೇ ಏಟಿಗೆ ಹತ್ತಿಕೊಂಡಿತು. ಹಿಂದಿನ ಪೈಪಿನಲ್ಲಿ ಮೊದಲು ಕರಿ ಹೊಗೆ, ಆಮೇಲೆ ಬೂದು, ಆಮೇಲೆ ಏನೂ ಇಲ್ಲ. ಹಳದಿ ದೀಪ ಆರಿಯೇ ಇತ್ತು.

"ಈಗ ಹೇಳವ್ವ."

ಕಾಶವ್ವ ಮೂಗೆತ್ತಿ ಮೂಸಿದಳು. ಒಮ್ಮೆ ಅಲ್ಲ, ಬೇಕಂತಲೇ ತಡ ಮಾಡಿ, ಹತ್ತಾರು ಸಲ. ಫಕ್ಕೀರೇಶ ಪರೀಕ್ಷೆಯ ಫಲಿತಾಂಶ ಕಾಯುವವನ ಹಾಗೆ ನಿಂತಿದ್ದ.

"ರೊಟ್ಟಿ ವಾಸನಿ ಬರಾಕ ಹತ್ತೇತಿ," ಅಂದಳು. "ಪೆಟ್ರೋಲಿಂದು ಇಲ್ಲ."

ಫಕ್ಕೀರೇಶ ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ನಕ್ಕ. ಆದರೂ ಪೂರಾ ಧೈರ್ಯ ಬರಲಿಲ್ಲ. ಶನಿವಾರವೂ ಹೀಗೇ ಓಡಿತ್ತಲ್ಲ? ಒಡ್ಡಿನ ಏರು ದಾಟುವವರೆಗೆ ಯಾವುದನ್ನೂ ನಂಬುವ ಹಾಗಿರಲಿಲ್ಲ.

ಸೋಮವಾರ ಹೊತ್ತು ಮೂಡುವಾಗಲೇ ಹೊರಟರು. ಅವ್ವಾರು ಮುಂದೆ ಕೂತರು. ಕಾಶವ್ವ ಹಿಂದೆ, ತಲೆದಿಂಬಿಗೆ ಒರಗಿಕೊಂಡು. ಅವಳ ಉಸಿರಿನ ಸದ್ದು ಮುಂದಿನವರೆಗೂ ಕೇಳುತ್ತಿತ್ತು.

ಒಡ್ಡು ಬಂತು. ಫಕ್ಕೀರೇಶ ಗೇರು ಇಳಿಸಿದ. ಕಾರು ಏರತೊಡಗಿತು. ಹಿಂದೆ ಕೆಮ್ಮಿದ ಜಾಗ ಬಂತು, ಹೋಯಿತು. ನಿಂತ ಜಾಗ ಬಂತು. ಅವನು ದೇವರ ಹೆಸರನ್ನೂ ಮರೆತು ಬರೇ ದಾರಿ ನೋಡುತ್ತಿದ್ದ. ಅದೂ ಹೋಯಿತು. ಒಡ್ಡಿನ ನೆತ್ತಿ ದಾಟಿ ಕಾರು ಆಚೆಗೆ ಇಳಿಯಿತು.

ಹೋದ ಜೀವ ಬಂದಂತಾಯಿತು ಅವನಿಗೆ. ಎಷ್ಟು ದಿನದಿಂದ ಎದೆಯ ಮೇಲೆ ಕೂತಿತ್ತೋ ಆ ಕಲ್ಲು, ಉರುಳಿ ಬಿತ್ತು. ಕಣ್ಣಲ್ಲಿ ತಂತಾನೇ ನೀರು ಬಂತು.

"ದಾರಿ ನೋಡಿ ಹೊಡಿ ತಮ್ಮಾ," ಹಿಂದಿನಿಂದ ಕಾಶವ್ವ ಅಂದಳು. "ಈಗ ಅಳಬ್ಯಾಡ. ನಾ ಇನ್ನಾ ಸತ್ತಿಲ್ಲ."

ಅವ್ವಾರು ನಕ್ಕರು. ಫಕ್ಕೀರೇಶನೂ ನಕ್ಕ. ಕಾಶವ್ವ ನಗಲು ಹೋಗಿ ಏದುಸಿರು ಬಿಟ್ಟಳು.

ದವಾಖಾನೆಯ ಬಾಗಿಲು ತೆಗೆಯುವ ಹೊತ್ತಿಗೆ ಅವರು ಅಲ್ಲಿದ್ದರು. ಅದೇ ಸಿಸ್ಟರ್ ಮೆಟ್ಟಿಲ ಮೇಲೆ ನಿಂತು ಕೈಬೀಸಿದಳು.

"ಇವತ್ತ ನೀವ ಮೊದಲು! ಯಂತ್ರ ಖಾಲಿ ಐತಿ. ಕರಕೊಂಡ ಬರ್ರಿ."

ಫಕ್ಕೀರೇಶ ಎಂಜಿನ್ನು ಆರಿಸಿದ. ಎಷ್ಟೋ ದಿನದ ಮೇಲೆ ನಿರಾಳವಾಗಿ ಉಸಿರು ಬಿಟ್ಟ. ಆ ನಿರಾಳದಲ್ಲಿ ಅವನೊಳಗಿನ ಶಿಷ್ಯ ಎದ್ದು ಕೂತ. ಅವ್ವಾರ ಕಡೆ ತಿರುಗಿ, ಸ್ಟೀರಿಂಗಿನ ಮೇಲೆಯೇ ಕೈಮುಗಿದ.

"ಅವ್ವಾರ, ನಾನೂ ಇಷ್ಟು ದಿನ ಬರೇ ನನ್ನ ಹೊಗಿನ ಮೂಸಕೊಂತ ಕುಂತಿದ್ದೆ. ಅದರಾಗ ಎಲ್ಲಾ ಸರಿ ಐತಿ ಅನಸತಿತ್ತು. ಈ ತಂತಿಗಂತೂ ಹೊರಗಿನ ಗಾಳಿ ಸಿಕ್ಕಿತ್ರಿ. ನನ್ನಂಥಾಂವಗ ಎಲ್ಲಿ ಸಿಗತೈತ್ರಿ ಅದು? ಯಾವ ಜಪ ಮಾಡ್ಲಿ? ಎಲ್ಲಿ ಹೋಗಿ ಹುಡುಕ್ಲಿ?"

ಅವ್ವಾರು ಅವನ ಕಡೆ ತಿರುಗಲೂ ಇಲ್ಲ.

"ಹಿಂದ ಕುಂತಾಳ. ಮಾತು ಸಾಕು, ಬಾಗಲಾ ತಗಿ."